ಅಪ್ಪಿಯಾ ರಸ್ತೆಯ ಅಡಿಯಲ್ಲೊಂದು ಸ್ಮಶಾನ

ರೋಮಿನ ಹಳೆಯ ಅಪ್ಪಿಯಾ ರಸ್ತೆಗೆ ಹೋಗುವ 118ನೇ ನಂಬರಿನ ಬಸ್ಸನ್ನೇ ನಂಬಿ ಬೆಳಗಿನ ಕಾರ್ಯಕ್ರಮ ಹಾಕಿಕೊಳ್ಳಬಾರದು. ಬಂದರೆ ಕ್ಯಾಟಕೂಂಬಿನ, ಅಂದರೆ ಹಿಂದಿನ ಕಾಲದ ಕ್ರೈಸ್ತರ ನೆಲದಡಿಯ ಸುರಂಗ ಸ್ಮಶಾನದ, ಹತ್ತಿರವೇ ಇಳಿಸುತ್ತದೆ, ಬಾರದಿದ್ದರೆ ಕಾದದ್ದೇ ಬಂತು. ಸಾನ್ ಜೊವಾನ್ನಿ ಕಡೆಯಿಂದ ಹೊರಡುವ 218 ವಾಸಿ. ಫೊಸ್ಸೆ ಆರ್ದೆಯಾತೀನೆ ಸ್ಟಾಪಿನಲ್ಲಿ ಇಳಿದರೆ ಸಾನ್ ಕಾಲಿಸ್ತೋ, ದೊಮಿತಿಲ್ಲಾ ಎಂಬ ಎರಡು ಕ್ಯಾಟಕೂಂಬಿಗೂ ನಡೆದೇ ಹೋಗಬಹುದು. ಆದರೆ ಅಪ್ಪಿಯಾ ರಸ್ತೆಯ ಮೇಲೆ ನಡೆಯುವ ಆಸೆ ಇಲ್ಲಿ ಬೇಡ. ಈ ಭಾಗದಲ್ಲಿ ರಸ್ತೆಯ ಎರಡೂ ಕಡೆ ಎತ್ತರದ ಗೋಡೆ, ಫುಟ್‌ಪಾತ್ ಇಲ್ಲ, ಕಾರುಗಳು ಮೈ ಸವರಿಕೊಂಡೇ ಹೋಗುತ್ತವೆ. ಸಾನ್ ಕಾಲಿಸ್ತೋದ ಆವರಣದೊಳಗೆ ಸೈಪ್ರೆಸ್ ಮರಗಳ ಸಾಲಿನ ದಾರಿ ಇದೆ, ಅದನ್ನೇ ಹಿಡಿಯಬೇಕು.

ಸಾನ್ ಕಾಲಿಸ್ತೋಗೆ ಬುಧವಾರ ರಜೆ, ದೊಮಿತಿಲ್ಲಾಗೆ ಮಂಗಳವಾರ, ಊರಿನ ಉತ್ತರಕ್ಕಿರುವ ಪ್ರಿಶಿಲ್ಲಾಗೆ ಸೋಮವಾರ. ಚಳಿಗಾಲದಲ್ಲಿ ಕೆಲವು ವಾರಗಟ್ಟಲೆ ಮುಚ್ಚುತ್ತವೆ, ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕುವುದೂ ಉಂಟು. ಹನ್ನೊಂದೂವರೆಗೆ ಏದುಸಿರು ಬಿಡುತ್ತ ತಲುಪಿದವರು ಎರಡು ಗಂಟೆಯವರೆಗೆ ಮರದ ನೆರಳಲ್ಲಿ ಕೂರಬೇಕಾದೀತು. ಟಿಕೆಟ್ ಸುಮಾರು 10 ಯೂರೋ, ಗೈಡ್ ಅದರಲ್ಲೇ ಸೇರಿರುತ್ತಾರೆ. ಒಬ್ಬೊಬ್ಬರೇ ಒಳಗೆ ಹೋಗುವಂತಿಲ್ಲ. ಭಾಷೆಗೊಂದು ಗುಂಪು ಮಾಡಿ ನಿಲ್ಲಿಸುತ್ತಾರೆ, ನಮ್ಮವರಿಗೆ ಇಂಗ್ಲಿಷ್ ಗುಂಪೇ ಗತಿ. ಗುಂಪು ದೊಡ್ಡದಾಗಿದ್ದರೆ ಗೈಡಿನ ಬೆನ್ನಿಗೇ ಅಂಟಿಕೊಂಡಿರಿ. ಒಂದು ಮೀಟರ್ ಚಿಲ್ಲರೆ ಅಗಲದ ಸುರಂಗದಲ್ಲಿ ಸಾಲಿನ ಬಾಲದಲ್ಲಿದ್ದವರಿಗೆ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣದು.

ಒಳಗೆ ವರ್ಷವಿಡೀ 15-16 ಡಿಗ್ರಿ, ಮೇಲೆ ತೇವ. ಹೊರಗೆ ಜುಲೈ ಬಿಸಿಲು ಸುಡುತ್ತಿದ್ದರೂ ಕೈಯಲ್ಲೊಂದು ತೆಳು ಸ್ವೆಟರ್ ಇರಲಿ. ಮೆಟ್ಟಿಲು ಕಡಿದು, ನೆಲ ಏರುಪೇರು. ಚಪ್ಪಲಿ ಜಾರುತ್ತದೆ, ಶೂ ಬೇಕು. ಮಂಡಿನೋವಿನವರು, ಇಕ್ಕಟ್ಟಿನಲ್ಲಿ ಉಸಿರು ಕಟ್ಟುವವರು ಟಿಕೆಟ್ ಕೊಳ್ಳುವ ಮೊದಲೇ ಯೋಚಿಸಬೇಕು. ಫೋಟೋ ತೆಗೆಯುವಂತಿಲ್ಲ.

ಗೈಡ್ ಮೊದಲು ಹೇಳುವುದು, ಇದು ಕ್ರೈಸ್ತರು ಅಡಗಿ ಕೂತ ಜಾಗವಲ್ಲ ಎಂದು. ಸತ್ತವರನ್ನು ಊರೊಳಗೆ ಹೂಳುವುದನ್ನು ರೋಮನ್ ಕಾನೂನು ನಿಷೇಧಿಸಿತ್ತು, ಆದ್ದರಿಂದ ಸ್ಮಶಾನಗಳೆಲ್ಲ ಊರ ಹೊರಗಿನ ಹೆದ್ದಾರಿಗಳ ಪಕ್ಕದಲ್ಲಿದ್ದವು. ಕ್ಯಾಟಕೂಂಬ್ ಎಲ್ಲಿದೆಯೆಂದು ಸರ್ಕಾರಕ್ಕೂ ಚೆನ್ನಾಗಿ ಗೊತ್ತಿತ್ತು. 257ರಲ್ಲಿ ವಲೇರಿಯನ್ ಚಕ್ರವರ್ತಿ ಇಲ್ಲಿ ಸೇರುವುದಕ್ಕೇ ತಡೆ ಹಾಕಿದ. ಮರುವರ್ಷ ಪೋಪ್ ಎರಡನೇ ಸಿಕ್ಸ್ಟಸ್ ಸ್ಮಶಾನದಲ್ಲೇ ಸಿಕ್ಕಿ ತಲೆ ಕಳೆದುಕೊಂಡ. ಅಡಗುವುದಕ್ಕೆ ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿರಲಿಲ್ಲ. ಇನ್ನು ತಲೆಬುರುಡೆ ನೋಡಬೇಕೆಂದು ಬಂದವರಿಗೂ ನಿರಾಸೆಯೇ: ಪ್ರವಾಸಿಗರು ಓಡಾಡುವ ದಾರಿಯಲ್ಲಿ ಮೂಳೆಗಳಿಲ್ಲ.

ಹಾಗಾದರೆ ನೋಡುವುದೇನು? ಗೋಡೆ. ನಲವತ್ತು ನಿಮಿಷದಲ್ಲಿ ಚಿತ್ರಗಳಿಗಿಂತ ಹೆಚ್ಚು ಕಥೆ ಹೇಳುವುದು ಗೋಡೆಯೇ. ಇದು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಟಫ್ ಕಲ್ಲು. ಕರಾವಳಿಯ ಮುರಕಲ್ಲನ್ನು ನೆನಪಿಸಿಕೊಳ್ಳಿ: ಕಡಿಯುವಾಗ ಮೆತ್ತಗೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಇದರ ಗುಣವೂ ಅದೇ. ಆದ್ದರಿಂದಲೇ 'ಫೊಸ್ಸೋರ್' ಎಂಬ ಅಗೆಯುವ ಕಸುಬಿನವರು ಗುದ್ದಲಿ, ಬುಟ್ಟಿ, ಎಣ್ಣೆದೀಪ ಹಿಡಿದು ಸಾನ್ ಕಾಲಿಸ್ತೋ ಒಂದರಲ್ಲೇ ನಾಲ್ಕು ಅಂತಸ್ತು, ಸುಮಾರು 20 ಕಿಲೋಮೀಟರ್ ಸುರಂಗ ಕೊರೆದರು. ಅಲ್ಲಲ್ಲಿ ತಲೆಯ ಮೇಲೆ ಆಕಾಶ ಕಾಣುವ ಬಾವಿಯಂಥ ಕಂಡಿಗಳಿವೆ. ಮಣ್ಣು ಎತ್ತಿ ಹಾಕಿದ್ದು ಅಲ್ಲಿಂದಲೇ, ಆಮೇಲೆ ಬೆಳಕಿಗೂ ಗಾಳಿಗೂ ಅವೇ ಆದವು.

ಗೋಡೆಯುದ್ದಕ್ಕೂ ರೈಲಿನ ಬರ್ತಿನಂತೆ ಒಂದರ ಮೇಲೊಂದು ಅಡ್ಡ ಗೂಡುಗಳು. ಇವಕ್ಕೆ ಲೋಕುಲುಸ್ ಎಂದು ಹೆಸರು. ಹೆಣವನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿ, ಗೂಡಿನ ಬಾಯಿಗೆ ಅಮೃತಶಿಲೆಯ ಚಪ್ಪಡಿಯನ್ನೋ ಸುಟ್ಟ ಹೆಂಚನ್ನೋ ಇಟ್ಟು ಗಾರೆ ಮೆತ್ತುತ್ತಿದ್ದರು. ಕೆತ್ತಿಸಲು ಕಾಸಿಲ್ಲದವರು ಗುರುತಿಗೆಂದು ಹಸಿ ಗಾರೆಯಲ್ಲಿ ನಾಣ್ಯ, ದೀಪ, ಗಾಜಿನ ಚೂರು ಒತ್ತುತ್ತಿದ್ದರು. ಚಪ್ಪಡಿ ಹೋದ ಕಡೆಗಳಲ್ಲೂ ಅಂಚಿನ ಗಾರೆ ಉಳಿದಿರುತ್ತದೆ, ಹುಡುಕಿ ನೋಡಿ. ಮೊಳದುದ್ದದ ಗೂಡುಗಳು ಮಕ್ಕಳವು. ಅವುಗಳ ಸಂಖ್ಯೆ ನೋಡಿದರೆ ಗುಂಪಿನಲ್ಲಿ ಮಾತು ತಾನಾಗಿ ನಿಲ್ಲುತ್ತದೆ. ಗೂಡುಗಳು ಕೈಗೆಟುಕದಷ್ಟು ಎತ್ತರಕ್ಕೆ ಹೋಗಿದ್ದರೆ ಏಣಿ ಹಾಕಿ ಹೂತರೆಂದುಕೊಳ್ಳಬೇಡಿ. ಜಾಗ ತುಂಬಿದಾಗ ನೆಲವನ್ನೇ ಇನ್ನಷ್ಟು ಅಗೆದು ತಗ್ಗಿಸುತ್ತಿದ್ದರು; ಅಂಥ ಸುರಂಗದಲ್ಲಿ ಮೇಲಿನ ಸಾಲೇ ಹಳೆಯದು. ಉಳ್ಳವರದು ಕಮಾನು ಕೆತ್ತಿದ ಸಮಾಧಿ, ಇಲ್ಲವೇ ಮನೆತನಕ್ಕೊಂದು ಕೋಣೆ.

ಪೋಪರ ಕೋಣೆಯಲ್ಲಿ ಗೈಡ್ ಹೆಚ್ಚು ಹೊತ್ತು ನಿಲ್ಲುತ್ತಾರೆ. 1854ರಲ್ಲಿ ದೆ ರೊಸ್ಸಿ ಎಂಬ ಪುರಾತತ್ವಜ್ಞ ಇದನ್ನು ಪತ್ತೆಹಚ್ಚಿದ. ಮೂರನೇ ಶತಮಾನದ ಒಂಬತ್ತು ಪೋಪರನ್ನು ಇಲ್ಲಿ ಹೂಳಲಾಗಿತ್ತು. ಫಲಕಗಳ ಅಕ್ಷರ ಲ್ಯಾಟಿನ್ ಅಲ್ಲ, ಗ್ರೀಕ್: ಆ ಕಾಲದ ರೋಮಿನ ಕ್ರೈಸ್ತ ಸಭೆಯ ಅಧಿಕೃತ ಭಾಷೆ ಅದೇ. ಪಕ್ಕದ ಕೋಣೆಯಲ್ಲಿ ಧರ್ಮಕ್ಕಾಗಿ ಪ್ರಾಣ ಕೊಟ್ಟ ಸಂತ ಸಿಸಿಲಿಯಾಳ ಬಿಳಿ ವಿಗ್ರಹ. ಇದು ನಕಲು, ಸ್ತೆಫಾನೋ ಮದೆರ್ನೋ 1600ರ ಹೊತ್ತಿಗೆ ಕೆತ್ತಿದ ಮೂಲ ಇರುವುದು ರೋಮಿನ ತ್ರಾಸ್ತೆವೆರೆ ಬಡಾವಣೆಯ ಚರ್ಚಿನಲ್ಲಿ. ಆಕೆಯ ಅವಶೇಷಗಳೂ 821ರಲ್ಲಿ ಅಲ್ಲಿಗೇ ಹೋದವು. ಎಲ್ಲರೂ ಮುಖ ನೋಡಲು ಬಗ್ಗುತ್ತಾರೆ. ಮುಖ ಆಚೆ ತಿರುಗಿದೆ. ಕತ್ತಿನ ಗಾಯ ನೋಡಿ, ಕೈಬೆರಳು ನೋಡಿ: ಒಂದರಲ್ಲಿ ಮೂರು ಚಾಚಿವೆ, ಇನ್ನೊಂದರಲ್ಲಿ ಒಂದು. ತ್ರಿಯೇಕ ದೇವರಲ್ಲಿ ನಂಬಿಕೆ ಎಂದು ಅದರ ಅರ್ಥ ಹೇಳುತ್ತಾರೆ.

ವರ್ಣಚಿತ್ರಗಳಿಗಾಗಿಯೇ ಹೋಗುವವರಿಗೆ ಸಾನ್ ಕಾಲಿಸ್ತೋಗಿಂತ ಪ್ರಿಶಿಲ್ಲಾ ಮೇಲು. ಅಲ್ಲಿ ಗುಂಪೂ ಚಿಕ್ಕದು. ದೊಮಿತಿಲ್ಲಾದಲ್ಲಿ ಶತಮಾನಗಳ ದೀಪದ ಮಸಿ, ಸುಣ್ಣದ ಪೊರೆ ಮುಚ್ಚಿದ್ದ ಚಿತ್ರಗಳನ್ನು ಲೇಸರ್ ಹಾಯಿಸಿ ಶುಚಿ ಮಾಡಿದ್ದಾರೆ. 2017ರಲ್ಲಿ ಅವನ್ನು ತೋರಿಸಿದರು. ಬೆಳಕು ಹೆಚ್ಚಾದರೆ ಗೋಡೆಗೆ ಪಾಚಿ ಹಿಡಿಯುತ್ತದೆ, ಜನ ಹೆಚ್ಚಾದರೆ ಉಸಿರಿನ ತೇವ ಬಣ್ಣ ಕೀಳುತ್ತದೆ. ಗೈಡ್ ಲೈಟ್ ಆರಿಸಿ ಮುಂದಕ್ಕೆ ಅವಸರ ಮಾಡುವುದು ಇದಕ್ಕೇ.

ಮೇಲೆ ಬಂದ ಮೇಲೂ ಕಾಲಲ್ಲಿ ಶಕ್ತಿ ಉಳಿದಿದ್ದರೆ ಸಾನ್ ಸೆಬಾಸ್ತಿಯಾನೋ ಎಂಬ ಇನ್ನೊಂದು ಕ್ಯಾಟಕೂಂಬ್ ಸ್ವಲ್ಪವೇ ದೂರ, ಟಿಕೆಟ್ ಬೇರೆ. 'ಕ್ಯಾಟಕೂಂಬ್' ಎಂಬ ಮಾತು ಹುಟ್ಟಿದ್ದೇ ಅಲ್ಲಿ. ತಗ್ಗಿನ ಬಳಿಯ ಜಾಗ ಎಂದು ಅದರ ಮೂಲಾರ್ಥ. ಅಲ್ಲೊಂದು ಗೋಡೆಯ ಗಾರೆಯ ಮೇಲೆ ಯಾತ್ರಿಕರು ಮೊನಚಾದದ್ದೇನೋ ಹಿಡಿದು ಸಂತರಾದ ಪೇತ್ರ, ಪೌಲರಿಗೆ ನೂರಾರು ಹರಕೆ ಗೀಚಿದ್ದಾರೆ. ಅದರಲ್ಲೊಂದು: 'ಪೌಲನೇ, ಪೇತ್ರನೇ, ವಿಕ್ಟರನಿಗಾಗಿ ಬೇಡಿಕೊಳ್ಳಿ.'