ಮಾಮಾ ಅವರ ಕ್ಲಿಪ್ ಪ್ಲಸ್‌ಗೆ ಕನ್ನಡದ ದನಿ

ಧಾರವಾಡ
16 ನವೆಂಬರ್ 2025, ಭಾನುವಾರ

ಮಾಮಾ ಅವರ ಸ್ಯಾನ್‌ಡಿಸ್ಕ್ ಕ್ಲಿಪ್ ಪ್ಲಸ್ ಎಂಬ ಪುಟ್ಟ ಹಾಡಿನ ಪ್ಲೇಯರಿನಲ್ಲಿ ರಾಕ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಹಾಕಿಕೊಟ್ಟು ಕೆಲವು ತಿಂಗಳಾಗಿತ್ತು. ಇಷ್ಟು ದಿನ ಅದು ಇಂಗ್ಲಿಷಿನಲ್ಲಿ ಮಾತನಾಡುತ್ತಿತ್ತು. ಇಂದು ಮಧ್ಯಾಹ್ನದಿಂದ ಕನ್ನಡದಲ್ಲಿ ಮಾತನಾಡುತ್ತಿದೆ. ಮಾಡಿದ ಕೆಲಸದ ವಿವರಗಳು ಮರೆತುಹೋಗುವ ಮುನ್ನ ಇಲ್ಲಿ ಬರೆದಿಡುತ್ತಿದ್ದೇನೆ. ಕಣ್ಣು ಮಂಜಾದ, ಆದರೆ ಸಂಗೀತವಿಲ್ಲದೆ ಹೊತ್ತು ಹೋಗದ ಹಿರಿಯರು ಯಾರ ಮನೆಯಲ್ಲಾದರೂ ಇದ್ದರೆ ಅವರಿಗೆ ಇದು ಉಪಯೋಗಕ್ಕೆ ಬಂದೀತು.

ನನ್ನ ಸೋದರಮಾವನವರು ಹೈಸ್ಕೂಲು ಮಾಸ್ತರರಾಗಿ ನಿವೃತ್ತರಾದವರು. ಗ್ಲಾಕೋಮಾದಿಂದ ಅವರ ದೃಷ್ಟಿ ಬಹುಮಟ್ಟಿಗೆ ಹೋಗಿದೆ. ಮೊಬೈಲ್ ಫೋನಿನಲ್ಲಿಯೂ ತೆರೆಯನ್ನು ಓದಿ ಹೇಳುವ ವ್ಯವಸ್ಥೆ ಇದೆ ಎಂಬುದು ನಿಜ, ಅದನ್ನು ಅವರಿಗೆ ಕಲಿಸಿದ್ದೂ ಆಯಿತು. ಆದರೆ ನುಣುಪಾದ ಗಾಜಿನ ಮೇಲೆ ಬೆರಳಾಡಿಸುತ್ತ ತನಗೆ ಬೇಕಾದ ಜಾಗ ಯಾವುದೆಂದು ಹುಡುಕುವ ಕೆಲಸ ಜೀವನವಿಡೀ ಟೇಪ್ ರೆಕಾರ್ಡರಿನ ಗುಂಡಿಗಳನ್ನು ಒತ್ತಿ ಬಂದ ಕೈಗೆ ಒಗ್ಗಲಿಲ್ಲ. ಕ್ಲಿಪ್ ಪ್ಲಸ್‌ನಲ್ಲಿ ನಾಲ್ಕು ದಿಕ್ಕಿನ ಗುಂಡಿಯ ಅಂಚು ಬೆರಳಿಗೆ ಸ್ಪಷ್ಟವಾಗಿ ಸಿಗುತ್ತದೆ, ಅಂಗಿಯ ಜೇಬಿಗೆ ಸಿಕ್ಕಿಸಿಕೊಳ್ಳಲು ಹಿಂದೆ ಕ್ಲಿಪ್ಪು ಇದೆ, ಮೈಕ್ರೋ ಎಸ್‌ಡಿ ಕಾರ್ಡಿಗೆ ಪಕ್ಕದಲ್ಲಿ ಕಿಂಡಿ ಇದೆ. 2009ರಲ್ಲಿ ಮಾರುಕಟ್ಟೆಗೆ ಬಂದ ಈ ಪ್ಲೇಯರು ಈಗ ಸಿಗುವುದು ಬಳಸಿದವರ ಕೈಯಿಂದ ಮಾತ್ರ. ಕೊಳ್ಳುವವರು ಒಂದು ಸಂಗತಿಯನ್ನು ಗಮನಿಸಬೇಕು: ಇದರ ನಂತರ ಬಂದ ಕ್ಲಿಪ್ ಸ್ಪೋರ್ಟ್ ಮತ್ತು ಕ್ಲಿಪ್ ಜ್ಯಾಮ್‌ಗಳ ಹೆಸರು ಇದರ ಹೆಸರನ್ನೇ ಹೋಲುತ್ತದೆಯಾದರೂ ಅವುಗಳಲ್ಲಿ ರಾಕ್‌ಬಾಕ್ಸ್ ನಡೆಯುವುದಿಲ್ಲ.

ರಾಕ್‌ಬಾಕ್ಸ್ ಎಂಬುದು ಇಂಥ ಪ್ಲೇಯರುಗಳಿಗಾಗಿಯೇ ಬರೆಯಲಾದ ಮುಕ್ತ ಕಾರ್ಯಾಚರಣಾ ವ್ಯವಸ್ಥೆ. 2001ರ ಕೊನೆಯಲ್ಲಿ ಸ್ವೀಡನ್ನಿನ ಬ್ಯೋರ್ನ್ ಸ್ಟೆನ್‌ಬೆರ್ಗ್, ಲೀನಸ್ ನೀಲ್ಸನ್ ಫೆಲ್ಟ್ಸಿಂಗ್ ಮತ್ತು ಡ್ಯಾನಿಯಲ್ ಸ್ಟೆನ್‌ಬೆರ್ಗ್ ಅವರು ಆರ್ಕೋಸ್ ಜೂಕ್‌ಬಾಕ್ಸ್ ಎಂಬ ಪ್ಲೇಯರಿಗಾಗಿ ಇದನ್ನು ಆರಂಭಿಸಿದರು. ಇವರಲ್ಲಿ ಡ್ಯಾನಿಯಲ್ ಅವರೇ ಇಂದು ಲೋಕದ ಬಹುಪಾಲು ಗಣಕಗಳಲ್ಲಿ ಒಂದಲ್ಲ ಒಂದು ಮೂಲೆಯಲ್ಲಿ ಕುಳಿತಿರುವ, ಅಂತರಜಾಲದ ಮೂಲಕ ಮಾಹಿತಿಯನ್ನು ಸಾಗಿಸುವ ಕರ್ಲ್ ತಂತ್ರಾಂಶದ ಕರ್ತೃ. ಪ್ಲೇಯರಿನೊಡನೆ ಬರುವ ತಂತ್ರಾಂಶವನ್ನು ಬದಿಗಿಟ್ಟು, ಅದೇ ಯಂತ್ರಾಂಶದ ಮೇಲೆ ಪೂರ್ತಿಯಾಗಿ ತಾವೇ ಬರೆದ ವ್ಯವಸ್ಥೆಯನ್ನು ನಡೆಸುವುದು ಇದರ ಕ್ರಮ. ಮುಂದೆ ಐರಿವರ್, ಐಪಾಡ್, ಸಾನ್ಸಾ ಮುಂತಾದ ಎಷ್ಟೋ ಪ್ಲೇಯರುಗಳಿಗೆ ಇದು ಹರಡಿತು. 2019ರಲ್ಲಿ 3.15ನೆಯ ಆವೃತ್ತಿ ಬಂದ ಮೇಲೆ ದೀರ್ಘಕಾಲ ಹೊಸ ಆವೃತ್ತಿ ಹೊರಬರಲಿಲ್ಲ. 2025ರಲ್ಲಿ 4.0 ಬಂತು. ವಿಚಿತ್ರವೆಂದರೆ ಯಾವ ಆರ್ಕೋಸ್ ಯಂತ್ರಕ್ಕಾಗಿ ಇದು ಹುಟ್ಟಿತೋ ಆ ಯಂತ್ರವನ್ನು ಈಗ ಕೈಬಿಡಲಾಗಿದೆ, ಮಾಮಾ ಅವರ ಕ್ಲಿಪ್ ಪ್ಲಸ್ ಮಾತ್ರ ಪಟ್ಟಿಯಲ್ಲಿ ಉಳಿದುಕೊಂಡಿದೆ.

ಅಳವಡಿಸುವ ಕೆಲಸವನ್ನು ರಾಕ್‌ಬಾಕ್ಸ್ ಯುಟಿಲಿಟಿ ಎಂಬ ಸಹಾಯಕ ತಂತ್ರಾಂಶವೇ ಬಹುಪಾಲು ಮಾಡಿಕೊಡುತ್ತದೆ. ಪ್ಲೇಯರಿನ ಯುಎಸ್‌ಬಿ ಆಯ್ಕೆಯನ್ನು ಮೊದಲು ಎಂಎಸ್‌ಸಿ ಎಂಬುದಕ್ಕೆ (ಪ್ಲೇಯರು ಗಣಕಕ್ಕೆ ಪೆನ್ ಡ್ರೈವಿನಂತೆ ಕಾಣುವ ವಿಧಾನ) ಬದಲಿಸಬೇಕು. ಕಂಪನಿಯ ಮೂಲ ಫರ್ಮ್‌ವೇರಿನ, ಅಂದರೆ ಪ್ಲೇಯರಿನೊಡನೆ ಬರುವ ತಂತ್ರಾಂಶದ, ಕಡತವನ್ನು ನಾವೇ ತಂದುಕೊಡಬೇಕಾಗುತ್ತದೆ, ಏಕೆಂದರೆ ಅದರ ಹಕ್ಕು ಕಂಪನಿಯದು, ಅದನ್ನು ಹಂಚುವ ಅಧಿಕಾರ ರಾಕ್‌ಬಾಕ್ಸಿನವರಿಗೆ ಇಲ್ಲ. ಯುಟಿಲಿಟಿಯು ಆ ಕಡತದೊಳಗೆ ತನ್ನ ಬೂಟ್‌ಲೋಡರನ್ನು (ಪ್ಲೇಯರು ಚಾಲೂ ಆದಾಗ ರಾಕ್‌ಬಾಕ್ಸನ್ನು ಎಬ್ಬಿಸುವ ತುಣುಕು) ಸೇರಿಸುತ್ತದೆ, ಉಳಿದದ್ದೆಲ್ಲ ಒಂದು ಫೋಲ್ಡರಿನಲ್ಲಿ ಕುಳಿತುಕೊಳ್ಳುತ್ತದೆ. ಮೂಲ ವ್ಯವಸ್ಥೆ ಅಳಿಯುವುದಿಲ್ಲ. ಎಡಗುಂಡಿಯನ್ನು ಒತ್ತಿ ಹಿಡಿದು ಪ್ಲೇಯರನ್ನು ಚಾಲೂ ಮಾಡಿದರೆ ಹಳೆಯದೇ ತೆರೆದುಕೊಳ್ಳುತ್ತದೆ. ದೊಡ್ಡ ಕಾರ್ಡು ಹಾಕುವವರು ಅದನ್ನು ಫ್ಯಾಟ್ 32 ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿಕೊಳ್ಳಬೇಕು, 64 ಜಿಬಿ ಕಾರ್ಡುಗಳು ಅಂಗಡಿಯಿಂದ ಬರುವಾಗ ಇರುವ ವಿಧಾನವನ್ನು ರಾಕ್‌ಬಾಕ್ಸ್ ಓದುವುದಿಲ್ಲ.

ಇಷ್ಟೆಲ್ಲ ಏಕೆ ಬೇಕು, ಹಳೆಯ ತಂತ್ರಾಂಶದಲ್ಲಿಯೂ ಹಾಡು ಕೇಳುತ್ತಿತ್ತಲ್ಲ ಎಂದು ಮಾಮಿ ಕೇಳಿದ್ದರು. ಹಿಂದುಸ್ತಾನಿ ಸಂಗೀತ ಕೇಳುವವರಿಗೆ ಉತ್ತರ ಬಹಳ ದೂರವಿಲ್ಲ. ಸಿಡಿಯಲ್ಲಿ ನಿಧಾನಗತಿಯ ವಿಲಂಬಿತ ಒಂದು ಟ್ರ್ಯಾಕು, ವೇಗದ ದ್ರುತ ಇನ್ನೊಂದು ಟ್ರ್ಯಾಕು; ನಡುವೆ ತಂಬೂರಿ ನಿಲ್ಲುವುದೇ ಇಲ್ಲ. ಆದರೆ ಎಂಪಿ3 ಕಡತವು ದನಿಯನ್ನು 1152 ಮಾದರಿಗಳ (ಸ್ಯಾಂಪಲ್) ಚೌಕಟ್ಟುಗಳಾಗಿ, ಅಂದರೆ ಸಿಡಿಯ ಗುಣಮಟ್ಟದಲ್ಲಿ ಸೆಕೆಂಡಿನ ನಲವತ್ತನೆಯ ಒಂದು ಭಾಗಕ್ಕೆ ಹತ್ತಿರದ ತುಣುಕುಗಳಾಗಿ ಕತ್ತರಿಸಿ ಇಡುತ್ತದೆ, ಕೊನೆಯ ಚೌಕಟ್ಟು ತುಂಬದಿದ್ದರೆ ಮೌನವನ್ನು ಸೇರಿಸಿ ತುಂಬುತ್ತದೆ, ಆರಂಭದಲ್ಲಿಯೂ ಸ್ವಲ್ಪ ಮೌನ ಸೇರಿಕೊಳ್ಳುತ್ತದೆ. ಸಿನಿಮಾ ಹಾಡುಗಳ ನಡುವೆ ಇದು ಯಾರ ಗಮನಕ್ಕೂ ಬರುವುದಿಲ್ಲ; ತಂಬೂರಿಯ ನಾದದಲ್ಲಿ ಮಾತ್ರ ಅಷ್ಟು ಸಣ್ಣ ಕಡಿತವೂ ಕಿವಿಗೆ ಚುಚ್ಚುತ್ತದೆ. ಎಂಪಿ3 ಕಡತಗಳನ್ನು ತಯಾರಿಸುವ ಲೇಮ್ ಎಂಬ ಎನ್‌ಕೋಡರು ಹೀಗೆ ಸೇರಿಸಿದ ಮೌನ ಎಷ್ಟೆಂದು ಕಡತದ ತಲೆಭಾಗದಲ್ಲಿ ಬರೆದಿಟ್ಟಿರುತ್ತದೆ, ರಾಕ್‌ಬಾಕ್ಸ್ ಅದನ್ನು ಓದಿ ಅಷ್ಟನ್ನು ತೆಗೆದುಹಾಕಿ ಮುಂದಿನ ಟ್ರ್ಯಾಕಿಗೆ ಜೋಡಿಸುತ್ತದೆ. ದನಿಯಲ್ಲಿ ಏನನ್ನೂ ಬಿಡದೆ ಕುಗ್ಗಿಸುವ ಫ್ಲ್ಯಾಕ್ ಕಡತಗಳಲ್ಲಿ ಈ ತೊಂದರೆಯೇ ಇಲ್ಲ. ಮಲ್ಲಿಕಾರ್ಜುನ ಮನಸೂರರ ಗಾಯನದಲ್ಲಿ ತಂಬೂರಿ ಮುರಿಯದೆ ದ್ರುತಕ್ಕೆ ದಾಟಿದ ದಿನ ಮಾಮಾ ಅವರು ಏನನ್ನೂ ಹೇಳಲಿಲ್ಲ, ಆದರೆ ಹಳೆಯ ತಂತ್ರಾಂಶದ ಸುದ್ದಿಯನ್ನು ಮತ್ತೆ ಎತ್ತಲೂ ಇಲ್ಲ.

ಅವರಿಗೆ ಹೆಚ್ಚು ಹಿಡಿಸಿದ್ದು ಶ್ರುತಿಯನ್ನು ಏರಿಸಿ ಇಳಿಸುವ ಸೌಲಭ್ಯ. ಅವರ ಸಂಗ್ರಹದಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಹಳೆಯ ಗ್ರಾಮಫೋನ್ ತಟ್ಟೆಗಳಿಂದ ಇಳಿಸಿಕೊಂಡ ಧ್ವನಿಮುದ್ರಣಗಳಿವೆ. ನಿಮಿಷಕ್ಕೆ 78 ಸುತ್ತು ಎಂಬ ಹೆಸರಿದ್ದರೂ ಆ ಕಾಲದ ತಟ್ಟೆಗಳೆಲ್ಲ ಅದೇ ವೇಗದಲ್ಲಿ ಮುದ್ರಣಗೊಂಡವಲ್ಲ, ಇಳಿಸಿಕೊಂಡವರ ಯಂತ್ರಗಳೂ ಒಂದೇ ವೇಗದಲ್ಲಿ ತಿರುಗಿದವಲ್ಲ. ಒಂದು ಸ್ವರಸ್ಥಾನದಷ್ಟು ಶ್ರುತಿ ಬದಲಾಗಲು ವೇಗದಲ್ಲಿ ಶೇಕಡಾ 6ರಷ್ಟು ವ್ಯತ್ಯಾಸವಾದರೆ ಸಾಕು. 78ರ ತಟ್ಟೆಯನ್ನು 74ರಲ್ಲಿ ತಿರುಗಿಸಿದರೆ ಹೆಚ್ಚುಕಡಿಮೆ ಅಷ್ಟು ಆಗಿಬಿಡುತ್ತದೆ, ಗಾಯಕರ ಕಂಠವೂ ಅದರೊಡನೆ ದಪ್ಪವಾಗುತ್ತದೆ. ರಾಕ್‌ಬಾಕ್ಸಿನ ಶ್ರುತಿಯ ಪರದೆಯಲ್ಲಿ ಶೇಕಡಾವಾರು ಲೆಕ್ಕದಲ್ಲಿ ಸ್ವಲ್ಪಸ್ವಲ್ಪವೇ ಸರಿಸುತ್ತ, ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟುಕೊಂಡು, ಕಂಠ ಸಹಜವಾಯಿತೆಂದು ತಮಗೆ ಅನ್ನಿಸಿದಲ್ಲಿ ಅವರು ನಿಲ್ಲಿಸುತ್ತಾರೆ. ಇದು ಊಹೆಯೇ ಹೊರತು ಪ್ರಮಾಣವಲ್ಲ ಎಂದು ನಾನು ಹೇಳಿದ್ದಕ್ಕೆ, "ಅವರ ಶಿಷ್ಯಂದಿರನ್ನ ಎದುರಿಗೆ ಕುಂತು ಕೇಳೇನಿ, ನನಗ ಪ್ರಮಾಣ ಹೇಳಬ್ಯಾಡ" ಎಂದರು. ಆ ಸ್ಥಿತಿಯಲ್ಲಿ ಬುಕ್‌ಮಾರ್ಕ್ ಇಟ್ಟರೆ ಹಾಡಿನ ಯಾವ ಜಾಗ ಎಂಬುದರ ಜೊತೆಗೆ ಆಗಿನ ಶ್ರುತಿ ಮತ್ತು ವೇಗಗಳೂ ಉಳಿದುಕೊಳ್ಳುತ್ತವೆ. ಕಾಲವಿಸ್ತಾರದ ಆಯ್ಕೆಯನ್ನು ಚಾಲೂ ಮಾಡಿಟ್ಟರೆ ಶ್ರುತಿಯನ್ನು ಕೆಡಿಸದೆ ವೇಗವನ್ನು ಮಾತ್ರ ತಗ್ಗಿಸಬಹುದು. ಸಂಜೆ ಪಾಠಕ್ಕೆ ಬರುವ ಹುಡುಗರಿಗೆ ವೇಗದ ತಾನುಗಳನ್ನು ಬಿಡಿಸಿ ಕೇಳಿಸಲು ಅವರು ಅದನ್ನು ಬಳಸುತ್ತಿದ್ದಾರೆ.

ಇನ್ನು ದನಿಯ ವಿಷಯ. ರಾಕ್‌ಬಾಕ್ಸಿನ ಮೆನುಗಳನ್ನೆಲ್ಲ ಪ್ಲೇಯರು ಬಾಯಿಬಿಟ್ಟು ಹೇಳಬಲ್ಲದು, ಇದರಿಂದಾಗಿಯೇ ದೃಷ್ಟಿಹೀನರಲ್ಲಿ ಇದಕ್ಕೆ ಬಹುಕಾಲದಿಂದ ಬಳಕೆದಾರರಿದ್ದಾರೆ. ಪ್ಲೇಯರು ತಾನೇ ಪಠ್ಯವನ್ನು ಓದುವುದಿಲ್ಲ. ಗಣಕದಲ್ಲಿ ಒಂದೊಂದು ನುಡಿಯನ್ನೂ ಮೊದಲೇ ಉಚ್ಚರಿಸಿ ಮುದ್ರಿಸಿ, ಸ್ಪೀಕ್ಸ್ ಎಂಬ ವಿಧಾನದಲ್ಲಿ ಕುಗ್ಗಿಸಿ, ಎಲ್ಲವನ್ನೂ ಒಂದು ಧ್ವನಿ ಕಡತದಲ್ಲಿ ಕಟ್ಟಿ ಕೊಡಬೇಕು. ರಾಕ್‌ಬಾಕ್ಸಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿಲ್ಲ. ತೆರೆಯ ಮೇಲೆ ಕನ್ನಡವನ್ನು ತೋರಿಸುವುದು ನನ್ನಿಂದಾಗುವ ಕೆಲಸವೂ ಅಲ್ಲ: ಅದು ಅರಬ್ಬಿ ಅಕ್ಷರಗಳನ್ನು ಕೂಡಿಸಿ ಬರೆಯುತ್ತದೆಯಾದರೂ ನಮ್ಮ ಕಾಗುಣಿತವನ್ನೂ ಒತ್ತಕ್ಷರವನ್ನೂ ಜೋಡಿಸುವ ಏರ್ಪಾಡು ಅದರಲ್ಲಿ ಇಲ್ಲ. ಆದರೆ ಭಾಷಾ ಕಡತವನ್ನು ತೆರೆದು ನೋಡಿದಾಗ ದಾರಿ ಕಾಣಿಸಿತು. ಅದರಲ್ಲಿ ಪ್ರತಿಯೊಂದು ನುಡಿಗೂ ತೆರೆಯ ಮೇಲೆ ತೋರಿಸಬೇಕಾದ ಪಠ್ಯ ಬೇರೆ, ಬಾಯಲ್ಲಿ ಹೇಳಬೇಕಾದ ಪಠ್ಯ ಬೇರೆ ಎಂದು ಪ್ರತ್ಯೇಕವಾಗಿ ಬರೆದಿರುತ್ತಾರೆ. ಮಾಮಾ ಅವರು ತೆರೆಯನ್ನು ನೋಡುವುದೇ ಇಲ್ಲ. ತೋರಿಸುವುದನ್ನು ಇಂಗ್ಲಿಷಿನಲ್ಲಿಯೇ ಬಿಟ್ಟು ಹೇಳುವುದನ್ನು ಮಾತ್ರ ಕನ್ನಡಕ್ಕೆ ತಿರುಗಿಸಿದರೆ ಅಕ್ಷರದ ತೊಡಕು ಅಡ್ಡ ಬರುವುದಿಲ್ಲ.

ಅದನ್ನೇ ಮಾಡಿದೆ. ಅವರು ನಿತ್ಯ ಮುಟ್ಟುವ ಮೆನುಗಳನ್ನು ಮೊದಲು ಆರಿಸಿಕೊಂಡೆ: ಫೋಲ್ಡರುಗಳು, ಬುಕ್‌ಮಾರ್ಕು, ರೇಡಿಯೋ, ಬ್ಯಾಟರಿ, ನಿದ್ರೆಯ ಗಡುವು (ಸ್ಲೀಪ್ ಟೈಮರ್), ಶ್ರುತಿ. ಉಳಿದವನ್ನು ರಾತ್ರಿಗಳಲ್ಲಿ ಸ್ವಲ್ಪಸ್ವಲ್ಪವಾಗಿ ಮುಗಿಸಿದೆ. ಉಚ್ಚರಿಸಲು ಈಸ್ಪೀಕ್ ಎನ್‌ಜಿ ಎಂಬ ಇನ್ನೊಂದು ಮುಕ್ತ ತಂತ್ರಾಂಶವಿದೆ, ಅದಕ್ಕೆ ಕನ್ನಡ ಬರುತ್ತದೆ. ಅದರ ದನಿ ಯಂತ್ರದ್ದೇ, ಮೂಗಿನಿಂದ ಬಂದಂತಿರುತ್ತದೆ, ಆದರೆ ಸ್ಪಷ್ಟವಾಗಿದೆ. ಸಂಖ್ಯೆಗಳು ಮಾತ್ರ ಕೊಂಚ ಕೀಟಲೆ ಮಾಡಿದವು: ಹತ್ತೊಂಬತ್ತರ ತನಕ ಒಂದೊಂದಕ್ಕೂ ಬೇರೆ ಬೇರೆ ತುಣುಕಿದೆ, ಅಲ್ಲಿಂದ ಮುಂದೆ ಹತ್ತರ ತುಣುಕು ಮತ್ತು ಬಿಡಿಯ ತುಣುಕನ್ನು ಪ್ಲೇಯರು ಒಂದರ ಹಿಂದೆ ಒಂದು ಹೇಳುತ್ತದೆ, ಹಾಗಾಗಿ ಬ್ಯಾಟರಿ "ಎಪ್ಪತ್ತು ಮೂರು" ಎಂದೇ ಕೇಳಬೇಕು. ಮಾಮಾ ಅವರ ವ್ಯಾಕರಣದ ಮನಸ್ಸು ಇದನ್ನು ಇನ್ನೂ ಒಪ್ಪಿಲ್ಲ. ಧ್ವನಿ ಕಡತವು ಪ್ಲೇಯರಿನ ಮಾದರಿಗೂ ರಾಕ್‌ಬಾಕ್ಸಿನ ಆವೃತ್ತಿಗೂ ಹೊಂದಿಕೆಯಾಗಬೇಕಾದ್ದರಿಂದ 4.0ರ ಮೂಲಪಠ್ಯದಿಂದಲೇ ಅದನ್ನು ಕಟ್ಟಿದೆ. ಮುಂದೆ ಆವೃತ್ತಿ ಬದಲಾದರೆ ಇದನ್ನೂ ಹೊಸದಾಗಿ ಕಟ್ಟಬೇಕು.

ರಾಗಗಳ ಮತ್ತು ಗಾಯಕರ ಹೆಸರುಗಳಿಗೆ ಯಂತ್ರದ ದನಿ ಬೇಡವೆಂದು ನಮ್ಮಿಬ್ಬರಿಗೂ ಅನ್ನಿಸಿತ್ತು. ರಾಕ್‌ಬಾಕ್ಸಿನಲ್ಲಿ ಪ್ರತಿ ಫೋಲ್ಡರಿಗೂ ಪ್ರತಿ ಕಡತಕ್ಕೂ ಅದರದೇ ಒಂದು ಪುಟ್ಟ ಮಾತಿನ ಕಡತವನ್ನು ಜೊತೆಗಿಡಬಹುದು. ಆಯ್ಕೆಯ ಗುರುತು ಆ ಹೆಸರಿನ ಮೇಲೆ ಬಂದು ನಿಂತಾಗ ಅದು ಕೇಳಿಸುತ್ತದೆ. ಫೋಲ್ಡರುಗಳ ಹೆಸರು ರೋಮನ್ ಲಿಪಿಯಲ್ಲಿದ್ದರೂ ಕಿವಿಗೆ ಬೀಳುವುದು ಕನ್ನಡ. ಮಾಮಾ ಅವರೇ ಹೇಳಲಿ ಎಂದರೆ, "ನನ್ನ ದನಿ ನಾನ ಯಾಕ ಕೇಳಲಿ?" ಎಂದು ಬಿಟ್ಟರು. ಕೊನೆಗೆ ಮಾಮಿ ಒಪ್ಪಿಕೊಂಡರು. ಸಂಗೀತದಲ್ಲಿ ಅವರಿಗೆ ಆಸಕ್ತಿ ಅಷ್ಟಕ್ಕಷ್ಟೇ. ಭೀಮಪಲಾಸಿ, ಮುಲ್ತಾನಿ, ಪೂರಿಯಾ ಧನಾಶ್ರೀ ಎಲ್ಲವನ್ನೂ ಶಾಲೆಯಲ್ಲಿ ಹಾಜರಿ ಕರೆದಂತೆ ಒಂದೇ ಸ್ವರದಲ್ಲಿ ಓದಿ ಮುಗಿಸಿದರು. ಕಂಪ್ಯೂಟರಿನಲ್ಲಿ ಮುದ್ರಿಸಿಕೊಂಡು, ಒಂದೊಂದು ಹೆಸರನ್ನೂ ಬೇರ್ಪಡಿಸಿ, ರಾಕ್‌ಬಾಕ್ಸಿನ ಜೊತೆಗೇ ಸಿಗುವ ಪರಿವರ್ತಕದಿಂದ ಸ್ಪೀಕ್ಸಿಗೆ ತಿರುಗಿಸಿ, ಆಯಾ ಫೋಲ್ಡರಿನಲ್ಲಿ ಇಟ್ಟೆ. ಈ ಏಕಸ್ವರವೇ ಒಳ್ಳೆಯದೆಂದು ಈಗ ತೋರುತ್ತಿದೆ: ರಾಗದ ಹೆಸರನ್ನು ಯಾರಾದರೂ ಎಳೆದು ಹಾಡಿದ್ದರೆ ನಿತ್ಯ ಕೇಳುವವರಿಗೆ ನಾಲ್ಕೇ ದಿನದಲ್ಲಿ ಬೇಸರವಾಗುತ್ತಿತ್ತು.

ಸಣ್ಣಪುಟ್ಟ ಹೊಂದಾಣಿಕೆಗಳೂ ಇಂದೇ ಮುಗಿದವು. ಇಯರ್‌ಫೋನಿನಲ್ಲಿ ದನಿ ಮಿತಿಮೀರದಂತೆ ಗರಿಷ್ಠ ಮಟ್ಟವೊಂದನ್ನು ಗೊತ್ತುಮಾಡಿದೆ. ಗ್ರಾಮಫೋನ್ ಕಾಲದ ಮುದ್ರಣಗಳೂ ಇತ್ತೀಚಿನವೂ ಒಂದೇ ಗಟ್ಟಿತನದಲ್ಲಿ ಕೇಳುವಂತೆ ರೀಪ್ಲೇಗೇನ್ ಲೆಕ್ಕವನ್ನು ಎಲ್ಲ ಕಡತಗಳಿಗೂ ಹಾಕಿದೆ. ನಿಲ್ಲಿಸಿದಾಗಲೆಲ್ಲ ಬುಕ್‌ಮಾರ್ಕ್ ತಾನಾಗಿಯೇ ಉಳಿಯುವಂತೆ ಮಾಡಿದೆ, ಏಕೆಂದರೆ ಅವರು ಕೇಳುತ್ತ ಕೇಳುತ್ತ ಎದ್ದುಹೋಗುವುದುಂಟು. ಸಿದ್ಧವಾದ ಕಾರ್ಡಿನ ಪೂರ್ತಿ ನಕಲೊಂದು ನನ್ನ ಕಂಪ್ಯೂಟರಿನಲ್ಲಿದೆ.

ಉಳಿದಿರುವುದು ಫೋಲ್ಡರುಗಳ ಕ್ರಮ. ನಾನು ಗಾಯಕರ ಹೆಸರಿನಿಂದ ವಿಂಗಡಿಸಿದ್ದೆ. ರಾಗಗಳನ್ನು ಪ್ರಹರಕ್ಕೆ ತಕ್ಕಂತೆ, ಬೆಳಗಿನವು ಮೇಲೆ, ರಾತ್ರಿಯವು ಕೆಳಗೆ ಬರುವಂತೆ ಇಡಬೇಕೆಂಬುದು ಮಾಮಾ ಅವರ ಹಟ. ಮಧ್ಯಾಹ್ನ ಗುಂಡಿಯೊತ್ತಿದವನಿಗೆ ಬೆಳಗಿನ ರಾಗವಾದ ತೋಡಿಯ ಹೆಸರು ಕಿವಿಗೆ ಬೀಳಲೇಬಾರದಂತೆ. ಹೆಸರುಗಳ ಮುಂದೆ ಅಂಕಿ ಹಚ್ಚಿದರೆ ಕ್ರಮ ತಾನಾಗಿ ಬರುತ್ತದೆ, ಅದೇನು ದೊಡ್ಡ ಕೆಲಸವಲ್ಲ. ಆದರೆ ಹಗಲು ರಾತ್ರಿ ಸೇರುವ ಹೊತ್ತಿನ, ಅಂದರೆ ಸಂಧಿಪ್ರಕಾಶದ ರಾಗಗಳನ್ನು ಯಾವ ಫೋಲ್ಡರಿಗೆ ಸೇರಿಸಬೇಕೆಂದು ಊಟದ ಹೊತ್ತಿನ ತನಕ ಚರ್ಚೆಯಾಯಿತು, ಅಂಥ ರಾಗವಾದ ಮಾರವಾ ಇನ್ನೂ ಕಂಪ್ಯೂಟರಿನಲ್ಲಿಯೇ ಕುಳಿತಿದೆ.