ಬೆಳಗಿನ ಸ್ಲಾಟಿಗೆ ಹಿಂದಿನ ರಾತ್ರಿ ತಲುಪುವ ಟಿಕೆಟ್ ಹಿಡಿದವರಿಗೆ

ಕಾನ್ಫರೆನ್ಸಿಗೆ ಹೋಗುವ ಟಿಕೆಟನ್ನು ದರ ನೋಡಿ ಬುಕ್ ಮಾಡಬೇಡಿ, ನಿಮ್ಮ ಸ್ಲಾಟ್ ನೋಡಿ ಬುಕ್ ಮಾಡಿ. ಊರು ನೋಡಲು ಹೋದವರು ಅರ್ಧ ದಿನ ತಡವಾಗಿ ಇಳಿದರೆ ಒಂದು ಮ್ಯೂಸಿಯಂ ತಪ್ಪೀತು. ಪೇಪರ್ ಮಂಡಿಸಲು ಹೋದವರಿಗೆ ತಪ್ಪುವುದು ತಿಂಗಳುಗಟ್ಟಲೆ ಕೂತು ತಯಾರಿಸಿದ ಹದಿನೈದು ನಿಮಿಷ. ವಿಮಾನ ಕಂಪನಿಗೆ ಇಬ್ಬರೂ ಒಂದೇ. ಟಿಕೆಟಿನ ಷರತ್ತುಗಳನ್ನು ತೆರೆದು ಓದಿ, ವೇಳಾಪಟ್ಟಿಗೆ ಖಾತರಿಯಿಲ್ಲ ಎಂಬರ್ಥದ ಸಾಲು ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ.

ನನ್ನ ಸರದಿ ಇದ್ದದ್ದು ಮೊದಲ ದಿನದ ಬೆಳಗಿನ ಗೋಷ್ಠಿಯಲ್ಲಿ. ಸಂಸ್ಥೆಯ ಟ್ರಾವೆಲ್ ಏಜೆಂಟ್ ಮಾಡಿಕೊಟ್ಟ ಟಿಕೆಟಿನಲ್ಲಿ ನಡುವೆ ಒಂದು ಕಡೆ ವಿಮಾನ ಬದಲಿಸಬೇಕಿತ್ತು. ಅದಕ್ಕೆ ಸಿಗುವ ಸಮಯ 55 ನಿಮಿಷ, ಮುಂದಿನದು ಆ ದಿನದ ಕೊನೆಯ ವಿಮಾನ. ನಿಯಮದ ಪ್ರಕಾರ ಇದರಲ್ಲಿ ತಪ್ಪೇನಿಲ್ಲ. ಪ್ರತಿ ನಿಲ್ದಾಣಕ್ಕೂ ‘ಮಿನಿಮಮ್ ಕನೆಕ್ಟಿಂಗ್ ಟೈಮ್’, ಅಂದರೆ ವಿಮಾನ ಬದಲಿಸಲು ಇರಲೇಬೇಕಾದ ಕನಿಷ್ಠ ಸಮಯ, ಅಂತ ಒಂದಿರುತ್ತದೆ. ಫ್ರಾಂಕ್‌ಫರ್ಟಿನಂಥ ದೊಡ್ಡ ನಿಲ್ದಾಣದಲ್ಲೂ ಅದು ಸಾಮಾನ್ಯವಾಗಿ 45 ನಿಮಿಷ ಅಷ್ಟೇ. ಅದಕ್ಕಿಂತ ಚೂರು ಹೆಚ್ಚಿದ್ದರೂ ಸಾಕು, ಬುಕಿಂಗ್ ಸಿಸ್ಟಮ್ ಟಿಕೆಟ್ ಮಾರಿಬಿಡುತ್ತದೆ. ಆದರೆ ಗೇಟು ಮುಚ್ಚುವುದು ಹೊರಡುವುದಕ್ಕೆ 15-20 ನಿಮಿಷ ಮೊದಲೇ. ಹಿಂದಿನ ಸಾಲಿನಲ್ಲಿ ಕೂತವರು ಇಳಿಯಲು ಹತ್ತು ಹದಿನೈದು ನಿಮಿಷ ಬೇಕು. ನಡುವೆ ಮತ್ತೊಂದು ಸೆಕ್ಯುರಿಟಿ ಚೆಕ್ ಇದ್ದರಂತೂ ಓಡುವುದೊಂದೇ ದಾರಿ. ನನ್ನ ಮೊದಲ ವಿಮಾನ ಮುಕ್ಕಾಲು ಗಂಟೆ ತಡವಾಯಿತು. ಓಡುವ ಪ್ರಶ್ನೆಯೇ ಬರಲಿಲ್ಲ.

ಟ್ರಾನ್ಸ್‌ಫರ್ ಡೆಸ್ಕಿನಲ್ಲಿ ಎರಡೇ ಕೌಂಟರ್ ತೆರೆದಿದ್ದವು, ಕ್ಯೂ ಕಂಬದ ಆಚೆ ತಿರುಗಿ ಕಣ್ಣಿಗೆ ಕಾಣದಷ್ಟು ಉದ್ದ. ಕೌಂಟರಿನವರು ಒಬ್ಬೊಬ್ಬರ ಪಾಸ್‌ಪೋರ್ಟ್ ಈಸಿಕೊಂಡು ನಿಮಿಷಗಟ್ಟಲೆ ಕೀಬೋರ್ಡ್ ಕುಟ್ಟುತ್ತಾರೆ, ತಲೆಯಾಡಿಸುತ್ತಾರೆ, ಮತ್ತೆ ಕುಟ್ಟುತ್ತಾರೆ. ನನ್ನ ಮುಂದಿದ್ದ ಹೆಂಗಸು ಮಾತ್ರ ಆರಾಮಾಗಿದ್ದರು. ಕ್ಯೂ ಬಿಡದೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಂಪನಿಯ ಕಾಲ್‌ಸೆಂಟರಿನಲ್ಲಿ ಕಾಯುತ್ತಲೇ, ಆ್ಯಪ್‌ನಲ್ಲಿ ಬೇರೆ ವಿಮಾನಗಳ ನಂಬರ್ ನೋಡಿ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದರು. “ಇದರಲ್ಲಿ ಸೀಟಿದೆ, ಇದಕ್ಕೇ ಹಾಕಿ” ಎಂದು ನಂಬರ್ ಹೇಳಿ, ಅರ್ಧ ದಾರಿಯಲ್ಲೇ ಕ್ಯೂ ಬಿಟ್ಟು ನಡೆದರು. ವಿಮಾನ ತಪ್ಪಿದಾಗ ಮಾಡಬೇಕಾದದ್ದು ಇದೇ: ಕ್ಯೂ, ಫೋನ್, ಆ್ಯಪ್ ಮೂರೂ ಒಟ್ಟಿಗೆ. “ಏನಾದರೂ ಮಾಡಿ” ಅನ್ನುವವರಿಗಿಂತ ಇಂಥ ನಂಬರಿನ ವಿಮಾನಕ್ಕೆ ಹಾಕಿ ಅನ್ನುವವರ ಕೆಲಸ ಬೇಗ ಆಗುತ್ತದೆ.

ನಾನೂ ಫೋನ್ ಮಾಡಿದೆ. “ಟಿಕೆಟ್ ಏಜೆಂಟ್ ಮಾಡಿದ್ದು, ಅವರನ್ನೇ ಕೇಳಿ” ಎಂಬ ಉತ್ತರ ಬಂತು. ಏಜೆಂಟರ ಕಚೇರಿ ಆ ಹೊತ್ತಿಗೆ ಬಾಗಿಲು ಹಾಕಿ ಗಂಟೆಗಳೇ ಆಗಿದ್ದವು. ಸಂಸ್ಥೆಯ ಮೂಲಕ ಹೋಗುವವರೆಲ್ಲ ಇದನ್ನು ಗಮನಿಸಬೇಕು. ಬುಕಿಂಗಿನಲ್ಲಿ ಸಂಪರ್ಕಕ್ಕೆಂದು ಇರುವುದು ಎಷ್ಟೋ ಸಲ ಏಜೆಂಟರ ಮೊಬೈಲ್ ನಂಬರ್. ವಿಮಾನ ತಡ, ಗೇಟ್ ಬದಲು, ರದ್ದು ಎಂಬ ಮೆಸೇಜುಗಳೆಲ್ಲ ಅವರಿಗೆ ಹೋಗುತ್ತವೆ, ನೀವು ಗೇಟಿನೆದುರು ಏನೂ ಗೊತ್ತಿಲ್ಲದೆ ಕೂತಿರುತ್ತೀರಿ. ಟಿಕೆಟ್ ಕೈಗೆ ಬಂದ ದಿನವೇ ಪಿಎನ್‌ಆರ್ ಹಾಕಿ, ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ನಂಬರ್, ಇಮೇಲ್ ಸೇರಿಸಿ.

ಎರಡೂ ವಿಮಾನ ಒಂದೇ ಬುಕಿಂಗಿನಲ್ಲಿದ್ದುದು ನನ್ನನ್ನು ಉಳಿಸಿತು. ಹಾಗಿದ್ದಾಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಕ್ಕೆ ಸಾಗಿಸುವ ಹೊಣೆ ಕಂಪನಿಯದು. ಸಾವಿರ ಎರಡು ಸಾವಿರ ಉಳಿಯುತ್ತದೆಂದು ಬೇರೆ ಬೇರೆ ಟಿಕೆಟ್ ಕೊಂಡರೆ, ಎರಡನೆಯ ಕಂಪನಿಯ ಲೆಕ್ಕದಲ್ಲಿ ನೀವು ಬರಲೇ ಇಲ್ಲ, ಅಷ್ಟೇ. ಅದೇ ರೀತಿ, ಮೊದಲ ತುಂಡನ್ನು ರೈಲಿನಲ್ಲಿ ಹೋದರಾಯಿತು ಎಂದು ಕಂಪನಿಗೆ ಹೇಳದೆ ಬಿಟ್ಟರೆ ಉಳಿದ ತುಂಡುಗಳೂ, ವಾಪಸ್ ಟಿಕೆಟ್ ಸಮೇತ, ಸಾಮಾನ್ಯವಾಗಿ ರದ್ದಾಗುತ್ತವೆ. ಅಮೆರಿಕಕ್ಕೆ ಹೋಗುವವರು ಕನೆಕ್ಷನ್‌ಗೆ ಇನ್ನೂ ಹೆಚ್ಚು ಸಮಯ ಇಟ್ಟುಕೊಳ್ಳಿ: ಅಲ್ಲಿ ಸಾಮಾನ್ಯವಾಗಿ ಮೊದಲು ಇಳಿದ ನಿಲ್ದಾಣದಲ್ಲೇ ಇಮಿಗ್ರೇಷನ್ ಮುಗಿಸಿ, ಲಗೇಜ್ ಎತ್ತಿಕೊಂಡು ಕಸ್ಟಮ್ಸ್ ದಾಟಿ, ಮತ್ತೆ ಅದನ್ನು ಕೊಟ್ಟು ಮುಂದಕ್ಕೆ ಹೋಗಬೇಕು.

ಕೊನೆಗೆ ಮರುದಿನ ತಲುಪಿದೆ, ಗೋಷ್ಠಿ ಮುಗಿದಿತ್ತು. ಅಧ್ಯಕ್ಷರಿಗೆ ರಾತ್ರಿಯೇ ಇಮೇಲ್ ಹಾಕಿದ್ದರಿಂದ ಮಧ್ಯಾಹ್ನದ ಕೊನೆಯಲ್ಲಿ ಜಾಗ ಕೊಟ್ಟರು. ಸ್ಲೈಡುಗಳನ್ನೂ ಅದರೊಟ್ಟಿಗೆ ಕಳಿಸಿಬಿಡಿ. ಗತಿಯಿಲ್ಲವೆಂದರೆ ಸಹಲೇಖಕರು ಆನ್‌ಲೈನಿನಿಂದಲಾದರೂ ಮಾತಾಡಬಹುದು.

ನಾನು ಬಂದೆ, ಸೂಟ್‌ಕೇಸ್ ಬರಲಿಲ್ಲ. ಬೆಲ್ಟ್ ನಿಂತಮೇಲೆ ಹೊರಗೆ ಹೋಗದೆ ಅಲ್ಲೇ ಬ್ಯಾಗೇಜ್ ಕೌಂಟರಿನಲ್ಲಿ ದೂರು ಬರೆಸಬೇಕು. ಲ್ಯಾಮಿನೇಟ್ ಮಾಡಿದ ಒಂದು ಹಾಳೆ ಮುಂದಿಡುತ್ತಾರೆ, ತುಂಬ ಬ್ಯಾಗಿನ ಚಿತ್ರಗಳು, ನಂಬರ್ ಸಮೇತ. ಬಣ್ಣ ಯಾವುದು, ಚಕ್ರ ಇದೆಯೇ, ಹಿಡಿ ಹೊರಗೆ ಎಳೆಯುವಂಥದ್ದೇ? ಕಪ್ಪು ಸೂಟ್‌ಕೇಸಿನವರು ಆಗ ತೊದಲುತ್ತಾರೆ. ಚೆಕ್-ಇನ್‌ಗೆ ಮೊದಲು ಫೋನಿನಲ್ಲಿ ಅದರದೊಂದು ಫೋಟೊ ತೆಗೆದುಕೊಂಡರೆ ತೋರಿಸಿ ಮುಗಿಸಬಹುದು. ಅಲ್ಲಿ ಕೊಡುವ ಪಿಐಆರ್ ನಂಬರ್, ಅಂದರೆ ಲಗೇಜಿನ ದೂರಿನ ನಂಬರ್, ಜೋಪಾನ. ಅಂತಾರಾಷ್ಟ್ರೀಯ ಪ್ರಯಾಣಕ್ಕೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದಂತೆ, ಹಾಳಾದ ಲಗೇಜಿಗೆ ಕೈಗೆ ಸಿಕ್ಕ 7 ದಿನದೊಳಗೆ, ತಡವಾಗಿ ಬಂದದ್ದಕ್ಕೆ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಅಷ್ಟರಲ್ಲಿ ಕೊಂಡ ಅಂಗಿ, ಶೇವಿಂಗ್ ಸಾಮಾನುಗಳ ರಸೀದಿ ಎಸೆಯಬೇಡಿ.

ಭಾಷಣಕ್ಕೆ ಬೇಕಾದ ಯಾವುದನ್ನೂ ಸೂಟ್‌ಕೇಸಿಗೆ ಹಾಕಬೇಡಿ. ಒಂದು ಜೊತೆ ಬಟ್ಟೆ, ಔಷಧಿ, ಚಾರ್ಜರ್, ಪೆನ್ ಡ್ರೈವ್ ಹೆಗಲ ಚೀಲದಲ್ಲೇ ಇರಲಿ. ಪವರ್ ಬ್ಯಾಂಕಿಗಂತೂ ಬೇರೆ ದಾರಿಯೇ ಇಲ್ಲ. 100 ವಾಟ್-ಅವರ್ ಒಳಗಿನದನ್ನು, ಅಂದರೆ ಸಾಮಾನ್ಯ 20,000 ಎಂಎಎಚ್‌ನದನ್ನು, ಕ್ಯಾಬಿನ್‌ಗೇ ಒಯ್ಯಬೇಕು. ಗೇಟಿನಲ್ಲಿ “ಮೇಲೆ ಜಾಗವಿಲ್ಲ” ಎಂದು ಟ್ರಾಲಿ ಬ್ಯಾಗ್ ಕಿತ್ತುಕೊಂಡರೆ ಪವರ್ ಬ್ಯಾಂಕನ್ನು ಹೊರಗೆ ತೆಗೆದುಕೊಂಡೇ ಕೊಡಿ. ಸಂಶೋಧನೆಯನ್ನು ಪೋಸ್ಟರಿನಲ್ಲಿ ಮಂಡಿಸುವವರ ಗೋಳು ಬೇರೆ. ಎ0 ಅಳತೆಯೆಂದರೆ 841 ಮಿಲಿಮೀಟರ್ ಅಗಲ, 1189 ಎತ್ತರ. ಅದರ ಟ್ಯೂಬನ್ನು ಒಬ್ಬ ಸಿಬ್ಬಂದಿ ನಗುತ್ತ ಬಿಟ್ಟರೆ ಇನ್ನೊಬ್ಬರು ಎರಡನೇ ಬ್ಯಾಗ್ ಎಂದು ದುಡ್ಡು ಕೇಳುತ್ತಾರೆ. ಬಟ್ಟೆಯ ಮೇಲೆ ಪ್ರಿಂಟ್ ಮಾಡಿಸಿ, ಮಡಚಿ ಚೀಲದ ತಳಕ್ಕೆ ಹಾಕಿ.

ಪರಿಹಾರದ ಹಣ ಎಲ್ಲಿ ಹಾರುತ್ತಿದ್ದೀರಿ ಎಂಬುದರ ಮೇಲೆ ನಿಂತಿದೆ. ಐರೋಪ್ಯ ಒಕ್ಕೂಟದ 261/2004 ನಿಯಮದಡಿ, ಅಲ್ಲಿಂದ ಹೊರಡುವ ಯಾವುದೇ ಕಂಪನಿಯ ವಿಮಾನಕ್ಕೂ, ಅಲ್ಲಿಗೆ ಬರುವ ಅಲ್ಲಿನದೇ ಕಂಪನಿಗಳ ವಿಮಾನಕ್ಕೂ, ಕೊನೆಯ ಊರಿಗೆ 3 ಗಂಟೆ ಅಥವಾ ಹೆಚ್ಚು ತಡವಾದರೆ ದೂರಕ್ಕೆ ತಕ್ಕಂತೆ 250ರಿಂದ 600 ಯೂರೊ ಕೇಳಬಹುದು. ಬಿರುಗಾಳಿಯಂಥ ಕಾರಣಕ್ಕೆ ಆ ಹಣ ಸಿಗದು, ಊಟ ಮತ್ತು ರಾತ್ರಿ ತಂಗುವ ಖರ್ಚು ಆಗಲೂ ಅವರದೇ. ಅಮೆರಿಕದಲ್ಲಿ ಬರೀ ತಡವಾದದ್ದಕ್ಕೆ ಹಣ ಕೊಡಬೇಕೆಂಬ ಕಾನೂನಿಲ್ಲ.

ಒಂದು ದಿನ ಮುಂಚೆ ತಲುಪಿ. ಸಂಸ್ಥೆ ಆ ರಾತ್ರಿಯ ಹೋಟೆಲ್ ಖರ್ಚಿಗೆ ಒಪ್ಪದಿದ್ದರೆ, ಹೊರಡುವ ದಿನ ಬೆಳಗಿನ ಮೊದಲ ವಿಮಾನ ಕೇಳಿ. ತಪ್ಪಿದರೂ ಅದೇ ದಿನ ಅದರ ನಂತರ ಸಾಮಾನ್ಯವಾಗಿ ಇನ್ನೊಂದು ಇರುತ್ತದೆ. ವಾಪಸಾದ ಮೇಲೆ ಲೆಕ್ಕಪತ್ರದವರು ಹೋಟೆಲ್ ಬಿಲ್ಲಿನ ದಿನಾಂಕಕ್ಕೂ ಟಿಕೆಟಿನ ದಿನಾಂಕಕ್ಕೂ ತಾಳೆಯಾಗುತ್ತಿಲ್ಲ ಎಂದು ಫೈಲ್ ವಾಪಸ್ ಕಳಿಸುತ್ತಾರೆ. ತಡವಾದದ್ದಕ್ಕೆ ಕಂಪನಿಯಿಂದ ಪತ್ರ ಕೇಳಿದರೆ ಕೊಡುತ್ತಾರೆ, ಅನೇಕರು ವೆಬ್‌ಸೈಟಿನಲ್ಲೇ. ಅದನ್ನೂ, ಹಳೆಯ ಹೊಸ ಎರಡೂ ಬೋರ್ಡಿಂಗ್ ಪಾಸನ್ನೂ ಒಟ್ಟಿಗೆ ಪಿನ್ ಮಾಡಿ ಕೊಡಿ.