ಸೆಂಟರ್ ಕೋರ್ಟಿನ ಕೊನೇ ಮ್ಯಾಚು: ವಿಂಬಲ್ಡನ್ 2015

2015ರ ಜುಲೈನಲ್ಲಿ ಲಂಡನ್‌ಗೆ ಹೋದಾಗ ಅಕ್ಕನ ಮನೇಲಿ ಉಳ್ಕೊಂಡಿದ್ದೆ, ಹೌನ್ಸ್ಲೋ ಕಡೆ. ಜುಲೈ 11 ಶನಿವಾರ ವಿಂಬಲ್ಡನ್ನಿಗೆ ಹೋಗ್ತೀನಿ ಅಂದಾಗ ಭಾವ "ಸೆರೀನಾ ಫೈನಲ್ ಟಿಕೆಟ್ ಸಿಕ್ತಾ?" ಅಂದ್ರು, ಇಲ್ಲ ಭಾವ ನಂಗೆ ಬೇಕಾಗಿರೋದು ಸಾನಿಯಾ ಮಿರ್ಜಾ ಡಬಲ್ಸ್ ಫೈನಲ್ಲು ಅಂದ್ರೆ ಅವ್ರಿಗೆ ನಗು. ಡಬಲ್ಸ್ ಅಂದ್ರೆ ಊಟ ಆದ್ಮೇಲಿನ ಎಲೆ ಅಡಿಕೆ ಕಣಯ್ಯಾ, ಇದ್ರೆ ಇತ್ತು ಇಲ್ಲಾಂದ್ರೆ ಇಲ್ಲ ಅಂದ್ರು. ವಿಂಬಲ್ಡನ್ನಿನೋರೂ ಹಾಗೇ ಅನ್ಕೊಂಡಿದ್ರೋ ಏನೋ, ಅವತ್ತು ಸೆಂಟರ್ ಕೋರ್ಟಲ್ಲಿ, ಅಂದ್ರೆ ಅಲ್ಲಿನ ಮುಖ್ಯ ಕೋರ್ಟಲ್ಲಿ, ಮೊದ್ಲು ಹೆಂಗಸರ ಸಿಂಗಲ್ಸ್, ಆಮೇಲೆ ಗಂಡಸರ ಡಬಲ್ಸ್, ಕಟ್ಟಕಡೇಗೆ ಹೆಂಗಸರ ಡಬಲ್ಸ್.

ಆದ್ರೆ ನಮ್ಮಂಥೋರಿಗೆ ಕೊನೇ ಮ್ಯಾಚ್ ಆಗಿರೋದೇ ಲಾಭ. ಅದು ಹೇಗೆ ಅಂತ ಹೇಳ್ತೀನಿ.

ಬೆಳಗಿನ ಜಾವ ಪಿಕಡಿಲಿ ಲೈನ್ ಹಿಡಿದು ಅರ್ಲ್ಸ್ ಕೋರ್ಟಲ್ಲಿ ಡಿಸ್ಟ್ರಿಕ್ಟ್ ಲೈನಿಗೆ ಬದಲಾಯಿಸಿ ಸೌತ್‌ಫೀಲ್ಡ್ಸಲ್ಲಿ ಇಳಿದೆ. ವಿಂಬಲ್ಡನ್ ಅಂತಾನೇ ಸ್ಟೇಷನ್ ಇದೆ, ಆದ್ರೆ ನಡ್ಕೊಂಡು ಹೋಗೋರಿಗೆ ಸೌತ್‌ಫೀಲ್ಡ್ಸೇ ಹತ್ರ. ಅಲ್ಲಿಂದ ಜನರ ಹಿಂದೆ ಹೋದ್ರೆ ವಿಂಬಲ್ಡನ್ ಪಾರ್ಕಿನ ಹುಲ್ಲಿನ ಮೇಲೆ ಅದೇ ಆ ಪ್ರಸಿದ್ಧ ಕ್ಯೂ. ರಾತ್ರಿನೇ ಬಂದು ಟೆಂಟ್ ಹಾಕಿ ಮಲಗಿದ್ದೋರು ಹಲ್ಲುಜ್ಜುತ್ತಾ ಇದ್ರು. ಒಬ್ರು ವಯಸ್ಸಾದ ಸ್ಟೀವರ್ಡ್ ಬಂದು ನಂಬರ್ ಇರೋ ಕಾರ್ಡ್ ಕೊಟ್ರು, ಜೊತೆಗೆ ಕ್ಯೂನಲ್ಲಿ ಹೇಗೆ ನಿಲ್ಬೇಕು ಅಂತ ಒಂದು ಪುಟ್ಟ ಪುಸ್ತಕ ಬೇರೆ! ನಮ್ಮ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಲ್ಲಿ ಇದನ್ನ ಹಂಚಿದ್ರೆ ಕಡ್ಲೇಕಾಯಿ ಕಟ್ಕೊಂಡು ಹೋಗ್ತಿದ್ರು.

ಕೊನೇ ನಾಲ್ಕು ದಿನ ಕ್ಯೂನಲ್ಲಿ ಸೆಂಟರ್ ಕೋರ್ಟ್ ಟಿಕೆಟ್ ಕೊಡ್ತಿರ್ಲಿಲ್ಲ, ನಂಗೆ ಸಿಕ್ಕಿದ್ದು ಗ್ರೌಂಡ್ ಪಾಸ್, ಅಂದ್ರೆ ದೊಡ್ಡ ಕೋರ್ಟುಗಳ ಸೀಟಿಲ್ಲದೆ ಒಳಗೆ ಓಡಾಡೋ ಚೀಟಿ. ಅದನ್ನ ತಗೊಂಡು ಒಳಗೆ ಹೋದೆ. ಮನೆ ಊಟ ಒಳಗೆ ಬಿಡ್ತಾರೆ, ಅಕ್ಕ ಕಟ್ಟಿಕೊಟ್ಟ ಪುಳಿಯೋಗರೆ ಡಬ್ಬಿ ಬ್ಯಾಗಲ್ಲೇ ಇತ್ತು, ಆದ್ರೂ ಶಾಸ್ತ್ರಕ್ಕೆ ಅಂತ ಸ್ಟ್ರಾಬೆರಿ ಕ್ರೀಮ್ ತಿಂದೆ, ಎರಡೂವರೆ ಪೌಂಡು. ಹಣ್ಣು ಚೆನ್ನಾಗಿತ್ತು, ಕ್ರೀಮ್ ಸಪ್ಪೆ. ಸೆರೀನಾ ಮುಗುರುಸಾ ಫೈನಲ್ನ ಗುಡ್ಡದ ಮೇಲೆ ಕೂತು ದೊಡ್ಡ ಸ್ಕ್ರೀನಲ್ಲಿ ನೋಡಿದ್ದಾಯ್ತು, ಸೆರೀನಾ ಗೆದ್ಲು, 6-4, 6-4. ಎರಡನೇ ಸೆಟ್ಟಲ್ಲಿ 5-1 ಇದ್ದದ್ದು 5-4 ಆದಾಗ ಗುಡ್ಡ ಪೂರ್ತಿ ಎದ್ದು ನಿಂತಿತ್ತು.

ಈಗ ಆ ಲಾಭದ ವಿಷ್ಯ. ಸಿಂಗಲ್ಸ್ ಮುಗೀತಿದ್ದಂಗೆ ದೊಡ್ಡ ಮನುಷ್ಯರು ಚಹಾಕ್ಕೋ ಮನೆಗೋ ಹೊರಡ್ತಾರೆ, ಆಗ ಹೋಗ್ವಾಗ ಟಿಕೆಟ್ಟನ್ನ ಗೇಟ್ ಹತ್ರ ಇದ್ದ ಡಬ್ಬಕ್ಕೆ ಹಾಕಿ ಹೋಗ್ಬೋದಿತ್ತು. ಆ ಸೀಟುಗಳನ್ನ ಒಳಗೇ ಇದ್ದ ಒಂದು ಕೌಂಟರಲ್ಲಿ ಕೆಲವೇ ಪೌಂಡಿಗೆ ಮತ್ತೆ ಮಾರ್ತಿದ್ರು, ದುಡ್ಡು ಚಾರಿಟಿಗೆ ಹೋಗ್ತಿತ್ತು. ಅಲ್ಲೂ ಒಂದು ಕ್ಯೂ, ಬೇಜಾನ್ ಹೊತ್ತು ನಿಂತೆ, ನಿಂತಿರೋವಾಗ್ಲೇ ಗಂಡಸರ ಡಬಲ್ಸ್ ಶುರುವಾಗಿ ಮುಗೀತಾ ಬಂತು. ಅದ್ರಲ್ಲಿ ಗೆದ್ದ ರೋಯರ್-ಟೆಕಾವ್ ಜೋಡಿನೇ ಸೆಮಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಮತ್ತೆ ಅವನ ಜೊತೆಗಾರ, ರೊಮೇನಿಯಾದ ಫ್ಲೋರಿನ್ ಮೆರ್ಜಾನ ಐದನೇ ಸೆಟ್ಟಲ್ಲಿ 13-11ಕ್ಕೆ ಸೋಲ್ಸಿದ್ದು, ಹಂಗಾಗಿ ಆ ಮ್ಯಾಚ್ ತಪ್ಪಿದ್ದಕ್ಕೆ ನಂಗೇನೂ ಸಂಕಟ ಇಲ್ಲ.

ಅಂತೂ ಟಿಕೆಟ್ ಸಿಕ್ತು, ಮೆಟ್ಟಿಲು ಹತ್ತಿ ಒಳಗೆ ಹೋದೆ. ಟಿವಿಯಲ್ಲಿ ಕಾಣೋದಕ್ಕಿಂತ ಚಿಕ್ಕ ಜಾಗ ಅದು, ಆಟಗಾರರ ಉಸಿರು ಕೇಳ್ಸತ್ತೇನೋ ಅನ್ನೋ ಅಷ್ಟು ಹತ್ರ, ಬೇಸ್‌ಲೈನ್ (ಕೋರ್ಟಿನ ಹಿಂದಿನ ಗೆರೆ) ಹತ್ರ ಹುಲ್ಲೆಲ್ಲ ಸವೆದು ಮಣ್ಣು ಕಾಣ್ತಿತ್ತು, ಸುತ್ತ ಖಾಲಿ ಸೀಟುಗಳೂ ಬೇಕಾದಷ್ಟಿದ್ವು.

ಒಂದು ಕಡೆ ಸಾನಿಯಾ-ಮಾರ್ಟಿನಾ ಹಿಂಗಿಸ್, ಮೊದಲನೇ ಸೀಡು, ಅಂದ್ರೆ ಟೂರ್ನಿ ಶುರುವಾಗೋ ಮುಂಚೆನೇ ಎಲ್ಲರಿಗಿಂತ ಬಲದ ಜೋಡಿ ಅಂತ ಲೆಕ್ಕ. ಇನ್ನೊಂದು ಕಡೆ ರಷ್ಯಾದ ಮಕರೋವಾ-ವೆಸ್ನಿನಾ, ಎರಡನೇ ಸೀಡು, ಫ್ರೆಂಚ್ ಓಪನ್ನೂ ಯುಎಸ್ ಓಪನ್ನೂ ಮೊದ್ಲೇ ಗೆದ್ದೋರು. ಹಿಂಗಿಸ್ 1998ರಲ್ಲಿ ಇಲ್ಲೇ ಡಬಲ್ಸ್ ಗೆದ್ದಿದ್ಲು, ಆಮೇಲೆ ರಿಟೈರ್ ಆಗಿ ವಾಪಸ್ ಬಂದು ಈಗ 34. ಸಾನಿಯಾ 2003ರಲ್ಲಿ ಇಲ್ಲೇ ಜೂನಿಯರ್ ಡಬಲ್ಸ್ ಗೆದ್ದೋಳು. ಇಬ್ರೂ ಜೊತೆ ಸೇರಿದ್ದು ಆ ವರ್ಷದ ಮಾರ್ಚಲ್ಲಷ್ಟೇ, ಸೇರಿದ ಕೂಡ್ಲೇ ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್ಸ್‌ಟನ್ ಮೂರೂ ಸಾಲಾಗಿ ಗೆದ್ದು ಸಾನಿಯಾ ಡಬಲ್ಸ್ ನಂಬರ್ ಒನ್ ಆದ್ಲು. ಆದ್ರೆ ಹೆಂಗಸರ ಡಬಲ್ಸಲ್ಲಿ ಗ್ರಾಂಡ್ ಸ್ಲಾಮ್ ಇನ್ನೂ ಬಂದಿರ್ಲಿಲ್ಲ, ಅವಳಿಗಷ್ಟೇ ಅಲ್ಲ, ಭಾರತದ ಯಾವ ಹೆಣ್ಮಗಳಿಗೂ.

ಡಬಲ್ಸ್ ನೋಡ್ವಾಗ ಚೆಂಡು ನೋಡ್ಬಾರ್ದು, ಚೆಂಡು ಹತ್ರ ಇಲ್ಲದೇ ಇರೋರನ್ನ ನೋಡ್ಬೇಕು ಅನ್ನೋದು ನನ್ನ ಅಭಿಪ್ರಾಯ. ಸಾನಿಯಾ ಹಿಂದೆ ನಿಂತು ಫೋರ್‌ಹ್ಯಾಂಡ್ ಬಾರಿಸ್ತಾ ಇದ್ರೆ ಹಿಂಗಿಸ್ ನೆಟ್ ಹತ್ರ ಅರ್ಧ ಹೆಜ್ಜೆ ಆ ಕಡೆ ಅರ್ಧ ಹೆಜ್ಜೆ ಈ ಕಡೆ ಆಡ್ತಾ ಇರ್ತಾಳೆ, ಎದುರಿನೋರು ಅವಳನ್ನ ತಪ್ಸೋಕೆ ಹೋಗಿ ಚೆಂಡು ಎತ್ತಿದ್ರೋ ಮುಗೀತು, ಹಾರಿ ಹೊಡೆಯೋ ಅಬ್ಬರ ಏನಿಲ್ಲ, ಖಾಲಿ ಜಾಗಕ್ಕೆ ಸುಮ್ನೆ ತಳ್ಳಿಬಿಡ್ತಾಳೆ. ಟಿವಿ ಕ್ಯಾಮೆರಾಗೆ ಈ ಅರ್ಧ ಹೆಜ್ಜೆ ಆಟ ಸಿಗಲ್ಲ, ಅಲ್ಲಿ ಕೂತೇ ನೋಡ್ಬೇಕು.

ಮೊದಲನೇ ಸೆಟ್ಟು ಹೋಯ್ತು, 5-7. ಮಕರೋವಾ ಎಡಗೈಯೋಳು, ಅವಳ ಸರ್ವ್ ಹುಲ್ಲಲ್ಲಿ ಜಾರಿ ಹೊರಗೆ ಹೋಗೋದನ್ನ ಹಿಡಿಯೋದು ಕಷ್ಟ. ಎರಡನೇದು ಟೈಬ್ರೇಕರ್ರಿಗೆ (6-6 ಆದಾಗ ಸೆಟ್ ತೀರ್ಮಾನ ಮಾಡೋ ಒಂದೇ ಗೇಮು) ಹೋಗಿ 7-4ಕ್ಕೆ ನಮ್ಮೋರ ಪಾಲಾಯ್ತು. ಮೂರನೇದ್ರಲ್ಲಿ ನೋಡ್ತಾ ನೋಡ್ತಾ 2-5. ಪಕ್ಕದಲ್ಲಿದ್ದ ಇಂಗ್ಲಿಷ್ ಅಜ್ಜಿ ಕೊಡೆ, ಥರ್ಮಾಸ್ ಎಲ್ಲ ಬ್ಯಾಗಿಗೆ ತುಂಬ್ಕೊಂಡು ಹೊರಡೋಕೆ ರೆಡಿ ಆದ್ರು. ಆಮೇಲೆ 3-5, 4-5, ಅಜ್ಜಿ ಬ್ಯಾಗು ಕೆಳಗಿಟ್ರು, 5-5. ಅಷ್ಟೊತ್ತಿಗೆ ಬೆಳಕು ಕಮ್ಮಿ ಆಯ್ತು ಅಂತ ಆಟ ನಿಲ್ಸಿ ಛಾವಣಿ ಮುಚ್ಚೋಕೆ ಶುರು ಮಾಡಿದ್ರು! ಆಗ ವಿಂಬಲ್ಡನ್ನಲ್ಲಿ ಕೊನೇ ಸೆಟ್ಟಿಗೆ ಟೈಬ್ರೇಕರ್ ಇರ್ಲಿಲ್ಲ, ಎರಡು ಗೇಮ್ ಮುಂದೆ ಹೋಗೋ ತನಕ ಆಡ್ತಾನೇ ಇರ್ಬೇಕು, ಬೋಪಣ್ಣಂದು 13-11 ನೆನಪಾಗಿ ಹೊಟ್ಟೆಲಿ ತಳಮಳ. ಮೇಲೆ ಬಿಳೀ ಬಟ್ಟೆ ಮಡಿಕೆ ಬಿಚ್ಕೋತಾ ಬರತ್ತೆ, ಲೈಟು ಹತ್ಕೋಳ್ಳತ್ತೆ, ಒಳಗಿನ ಗಾಳಿನೂ ಹದ ಮಾಡ್ಬೇಕಂತೆ. ಕಾದ ಆ ಹೊತ್ತಲ್ಲಿ ಪುಳಿಯೋಗರೆ ಖಾಲಿ, ಅಜ್ಜಿಗೂ ಸ್ವಲ್ಪ ಕೊಟ್ಟೆ, ಖಾರ ಅಂತ ಒಂದು ಮಾತೂ ಆಡ್ದೆ ತಿಂದ್ರು.

ಛಾವಣಿ ಮುಚ್ಚಿದ್ಮೇಲೆ ಅದು ಬೇರೆ ಊರೇ. ಚೆಂಡಿನ ಸದ್ದು ಗೋಡೆಗೆ ಬಡಿದು ವಾಪಸ್ ಬರತ್ತೆ, ಉಳಿದಿದ್ದ ಜನ ಕಮ್ಮಿ ಆದ್ರೂ ಗಲಾಟೆ ಎರಡರಷ್ಟು ಕೇಳ್ತಿತ್ತು. ಮತ್ತೆ ಆಟ ಶುರುವಾದ್ಮೇಲೆ ಎರಡೇ ಗೇಮು, ಎರಡೂ ನಮ್ಮೋರಿಗೆ, 7-5. ಸಾಲಾಗಿ ಐದು ಗೇಮ್ ಗೆದ್ದಿದ್ರು. ನಾನೂ ಕಿರುಚಿದೆ, ಅಜ್ಜಿನೂ ಕಿರುಚಿದ್ರು, ಯಾರ ಕಡೆ ಅಂತ ಕೇಳೋಕಾಗ್ಲಿಲ್ಲ.

ಒಂದು ಹೊಟ್ಟೆಕಿಚ್ಚಿನ ಲೆಕ್ಕ ಹೇಳ್ಬೇಕು. ಆ ವರ್ಷ ಸಿಂಗಲ್ಸ್ ಗೆದ್ದೋರಿಗೆ 18,80,000 ಪೌಂಡು, ಡಬಲ್ಸ್ ಜೋಡಿಗೆ ಸೇರಿ 3,40,000. ಅವತ್ತಿನ ಟೆನಿಸ್ ನೋಡಿದ್ದೋರು ಯಾರೂ ಆ ಅಂತರ ಸರಿ ಅನ್ನಲ್ಲ.

ಭಾನುವಾರ ಮನೇಲೇ ಟಿವಿ. ಅದೇ ಹಿಂಗಿಸ್ ಲಿಯಾಂಡರ್ ಪೇಸ್ ಜೊತೆ ಸೇರಿ ಮಿಕ್ಸೆಡ್ ಡಬಲ್ಸ್ 6-1, 6-1ರಲ್ಲಿ ಮುಗಿಸಿದ್ಲು, ಹುಡುಗರ ಡಬಲ್ಸಲ್ಲಿ ಸುಮಿತ್ ನಾಗಲ್ ಗೆದ್ದ, ಜೊತೆಗಾರ ವಿಯೆಟ್ನಾಮಿನೋನು. ಒಂದೇ ವಾರಾಂತ್ಯಕ್ಕೆ ನಮ್ಮ ದೇಶದೋರಿಗೆ ಮೂರು ಕಪ್ಪು, ಮೂರೂ ಡಬಲ್ಸಲ್ಲೇ. ಹೋಗೋ ಪ್ಲಾನ್ ಇರೋರು ದಿನದ ಕೊನೇ ಮ್ಯಾಚ್ ಯಾವ್ದು ಅಂತ ನೋಡ್ಕೊಂಡು ಹೋಗಿ, ಒಂದು ಸ್ವೆಟರ್ ಇರ್ಲಿ, ಜುಲೈ ಆದ್ರೂ ಸಂಜೆ ಮೇಲೆ ಥಂಡಿ ಹಿಡಿಯತ್ತೆ.